ಕೇರಾಫ್ 56 ಎ.ಪಿ.ಓ.: ನಿಮ್ಮ ಪ್ರಶ್ನೆ, ಟಪಾಲಿನವರ ಉತ್ತರ

ಗಡಿಯಲ್ಲಿರುವ ಸೈನಿಕರಿಗೆ ತಿಂಡಿ, ಟೋಪಿ, ಕಾಗದ ಕಳಿಸುವ ಬಗ್ಗೆ ಓದುಗರಿಂದ ಪ್ರಶ್ನೆ ಕೇಳಿದ್ದೆವು. ಉತ್ತರ ಕೊಟ್ಟವರು ಹಾಸನ ಜಿಲ್ಲೆಯ ಒಬ್ಬ ನಿವೃತ್ತ ಅಂಚೆ ನೌಕರರು. ಅಂಚೆ ಇಲಾಖೆಯಿಂದ ಡೆಪ್ಯುಟೇಶನ್ ಮೇಲೆ ಸೇನಾ ಅಂಚೆ ಸೇವೆಗೆ ಹೋಗಿ, ಲಡಾಖ್ ಮತ್ತು ಈಶಾನ್ಯದ ಫೀಲ್ಡ್ ಪೋಸ್ಟ್ ಆಫೀಸುಗಳಲ್ಲಿ ಕೆಲಸ ಮಾಡಿದವರು. ಈಗ ಊರಿನ ಮಹಿಳಾ ಸಂಘದ ಜೊತೆ ಸೇರಿ ದೀಪಾವಳಿಗೆ ಪಾರ್ಸೆಲ್ ಕಟ್ಟುತ್ತಾರೆ.

ಪ್ರಶ್ನೆ: ಹಿಮಕುಸಿತದಲ್ಲಿ ಸಿಕ್ಕಿಕೊಂಡಿದ್ದ ಯೋಧ ಹನುಮಂತಪ್ಪ ಕೊಪ್ಪದ ಅವರ ಸುದ್ದಿ ಟಿವಿಯಲ್ಲಿ ನೋಡಿದಾಗಿನಿಂದ ಸಿಯಾಚಿನ್ ಸೈನಿಕರಿಗೆ ಏನಾದರೂ ಕಳಿಸಬೇಕು ಅಂತ ನಮ್ಮ ಬಡಾವಣೆಯ ಹೆಂಗಸರಿಗೆಲ್ಲ ಆಸೆ. "ಭಾರತೀಯ ಸೈನಿಕರು, ಸಿಯಾಚಿನ್" ಅಂತ ಬರೆದರೆ ತಲುಪುತ್ತದೆಯೇ?
(ಗೃಹಿಣಿಯರ ಗುಂಪು, ಶಿವಮೊಗ್ಗ)

ತಲುಪೋದಿಲ್ಲ ತಾಯೀ. ಸೈನ್ಯದ ವಿಳಾಸದಲ್ಲಿ ಊರಿನ ಹೆಸರೇ ಇರೋದಿಲ್ಲ. ಜವಾನನ ನಂಬರ್, ರ್‍ಯಾಂಕ್, ಹೆಸರು, ಯೂನಿಟ್, ಕೆಳಗೆ ಕೇರಾಫ್ 56 ಎ.ಪಿ.ಓ. (ಆರ್ಮಿ ಪೋಸ್ಟ್ ಆಫೀಸ್) ಅಥವಾ 99 ಎ.ಪಿ.ಓ., ಕೊನೆಗೆ 9ರಿಂದ ಶುರುವಾಗುವ ಪಿನ್ ಕೋಡ್. ಅಷ್ಟೇ. 56 ಅಂತ ಬರೆದದ್ದು ದೆಹಲಿಯ ಸೆಂಟ್ರಲ್ ಬೇಸ್ ಪೋಸ್ಟ್ ಆಫೀಸಿಗೆ ಹೋಗುತ್ತದೆ, 99 ಅಂತ ಬರೆದದ್ದು ಕೋಲ್ಕತ್ತಕ್ಕೆ. ಆ ಯೂನಿಟ್ ಸದ್ಯ ಎಲ್ಲಿದೆ ಅನ್ನೋದು ಅಲ್ಲಿ ವಿಂಗಡಿಸುವವರಿಗೆ ಗೊತ್ತಿದ್ದರೆ ಸಾಕು. ನಿಮಗೆ ಗೊತ್ತಿರಬೇಕಾಗಿಲ್ಲ, ಗೊತ್ತಿದ್ದರೂ ಪಾರ್ಸೆಲ್ ಮೇಲೆ ಬರೆಯಬೇಡಿ. ಶತ್ರು ಓದಲಿ ಅಂತ ಯಾರು ಬರೀತಾರೆ, ಅಲ್ವಾ? ಅಂಚೆ ದರ ಮಾತ್ರ ನೀವು ಹುಬ್ಬಳ್ಳಿಗೋ ದಿಲ್ಲಿಗೋ ಕಳಿಸುವಾಗ ಕೊಡುವ ದೇಶದೊಳಗಿನ ದರವೇ.

ಹಾಗಾಗಿ ಮೊದಲ ಕೆಲಸ ಡಬ್ಬಿ ತುಂಬೋದಲ್ಲ, ಒಂದು ಯೂನಿಟ್ ಹುಡುಕೋದು. ನಿಮ್ಮ ಬಡಾವಣೆಯಲ್ಲೇ ಯಾರದೋ ಮಗ, ಯಾರದೋ ಅಳಿಯ ಸೈನ್ಯದಲ್ಲಿ ಇದ್ದೇ ಇರುತ್ತಾನೆ. ಇಲ್ಲದಿದ್ದರೆ ತಾಲ್ಲೂಕಿನ ಮಾಜಿ ಸೈನಿಕರ ಸಂಘಕ್ಕೆ ಹೋಗಿ. ಅಲ್ಲಿ ಕೂತಿರುವ ನಿವೃತ್ತ ಸುಬೇದಾರರಿಗೆ ತಮ್ಮ ಹಳೆಯ ಯೂನಿಟ್ ಅಂದರೆ ತವರುಮನೆ ಇದ್ದಂತೆ. ಅವರ ಮೂಲಕ ಕಮಾಂಡಿಂಗ್ ಆಫೀಸರಿಗೆ ಒಂದು ಕಾಗದ ಬರೆಸಿ. ನಾವು ಇಂಥವರು, ಇಂಥದ್ದು ಕಳಿಸಬೇಕು ಅಂತಿದ್ದೇವೆ, ಎಷ್ಟು ಜನರಿದ್ದಾರೆ, ಏನು ಬೇಕು, ಏನು ಬೇಡ ಅಂತ ಕೇಳಿ. ಉತ್ತರ ಬಂದ ಮೇಲೆ ಒಲೆ ಹಚ್ಚಿ.

ಇನ್ನೊಂದು ಮಾತು. 2016ರ ಫೆಬ್ರುವರಿಯ ಆ ಹಿಮಕುಸಿತದಲ್ಲಿ ಸಿಕ್ಕಿಕೊಂಡವರು 19 ಮದ್ರಾಸ್ ಬೆಟಾಲಿಯನ್‌ನ ಹತ್ತು ಜನ. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಅವರ ಜೊತೆ ನಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆ ಕಡೆಯ ಮಹೇಶ್ ಕೂಡ ಇದ್ದರು. ಮದ್ರಾಸ್ ರೆಜಿಮೆಂಟ್, ಬೆಂಗಳೂರಿನ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್), ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ, ಇವುಗಳಲ್ಲೆಲ್ಲ ನಮ್ಮ ಹುಡುಗರು ಇದ್ದಾರೆ. ಅಂಥ ಕಡೆ ಕಳಿಸಿದರೆ ನಿಮ್ಮ ಕನ್ನಡ ಕಾಗದ ಓದುವವರೂ ಸಿಗುತ್ತಾರೆ, ಗೊಜ್ಜವಲಕ್ಕಿಗೂ ಚಟ್ನಿಪುಡಿಗೂ ಸರಿಯಾದ ಬಾಯಿಯೂ ಸಿಗುತ್ತದೆ.

ಸಿ.ಆರ್.ಪಿ.ಎಫ್., ಬಿ.ಎಸ್.ಎಫ್., ಐ.ಟಿ.ಬಿ.ಪಿ. ಹುಡುಗರಿಗೆ ಕಳಿಸುವುದಾದರೆ ವಿಳಾಸ ಬೇರೆ ಥರ ಇರಬಹುದು. ಅವು ಗೃಹ ಖಾತೆಯವು, ಸೈನ್ಯವಲ್ಲ. ಅವರನ್ನೇ ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ನಮ್ಮದು ಕೊಬ್ಬರಿ ಮಂಡಿ. ಒಂದು ಮೂಟೆ ಒಳ್ಳೆಯ ಉಂಡೆ ಕೊಬ್ಬರಿ ಸೈನಿಕರಿಗೆ ಕೊಡಬೇಕೆಂದಿದ್ದೇನೆ. ಹೇಗೆ ಕಳಿಸಲಿ?
(ವ್ಯಾಪಾರಿ, ತಿಪಟೂರು)

ತಿಪಟೂರಿನವರಿಗೆ ಇದನ್ನು ಹೇಳೋಕೆ ಸ್ವಲ್ಪ ಧೈರ್ಯ ಬೇಕು. ಕೊಬ್ಬರಿ ಕಳಿಸಬೇಡಿ ಸ್ವಾಮೀ.

ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ. ಒತ್ತಿ ಕಟ್ಟಿಟ್ಟರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರು ಅದನ್ನು ಅಪಾಯದ ಸಾಮಾನಿನ ಪಟ್ಟಿಗೆ ಸೇರಿಸಿದ್ದಾರೆ. ಲಡಾಖ್‌ನ ಲೇಹ್‌ಗೆ ಹೋಗುವ ಜೋಜಿ ಲಾ ಕಣಿವೆಯ ರಸ್ತೆ ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚುತ್ತದೆ. ಆಗ ಟಪಾಲಿಗೆ ವಿಮಾನವೇ ಗತಿ. ನಿಮ್ಮ ಮೂಟೆ ಎಲ್ಲೋ ನಡುದಾರಿಯಲ್ಲಿ ಕೂತುಬಿಡುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ. 24 ಡಿಗ್ರಿಗಿಂತ ಕೆಳಗೆ ಬಂದರೆ ಗಟ್ಟಿಯಾಗುತ್ತದೆ. ಲಡಾಖ್‌ನಲ್ಲಿ ನಮ್ಮ ಹುಡುಗನೊಬ್ಬ ತಲೆಗೆ ಹಚ್ಚೋಕೆ ಅಂತ ಅದನ್ನು ಚಮಚದಲ್ಲಿ ಕೆತ್ತಿ ತೆಗೆಯುತ್ತಿದ್ದ.

ಕೊಡಲೇಬೇಕು ಅಂತ ಮನಸ್ಸಿದ್ದರೆ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಶೇಂಗಾ ತೆಗೆದುಕೊಳ್ಳಿ. ಮನೆಯವರ ಕೈಲಿ ಚಟ್ನಿಪುಡಿ ಮಾಡಿಸಿ. ಕೊಬ್ಬರಿ ಹಾಕದೆ, ಶೇಂಗಾ ಇಲ್ಲವೇ ಹುರಿಗಡಲೆಯದು. ಖಾರ ಧಾರಾಳವಾಗಿರಲಿ, ಹುಣಸೆಹಣ್ಣನ್ನು ಬಾಣಲೆಯಲ್ಲಿ ಬಿಸಿ ಮಾಡಿ ಗರಿಗರಿ ಆದ ಮೇಲೆ ಹಾಕಲಿ. ಎತ್ತರದಲ್ಲಿ ಹಸಿವೇ ಆಗೋದಿಲ್ಲ. ಸರ್ಕಾರ ಬಾದಾಮಿ, ದ್ರಾಕ್ಷಿ ಎಲ್ಲ ಕೊಡುತ್ತದೆ, ಆದರೆ ನಾಲಿಗೆಗೆ ಹುಳಿ, ಖಾರ ಬಿದ್ದರೆ ಮಾತ್ರ ಎರಡು ತುತ್ತು ಜಾಸ್ತಿ ಇಳಿಯುತ್ತದೆ. ಪುಡಿ ಪೂರ್ತಿ ಆರಿದ ಮೇಲೆ ತುಂಬಿ, ಬೆಚ್ಚಗಿದ್ದಾಗ ತುಂಬಿದರೆ ಬೆವತು ಬೂಷ್ಟು ಹಿಡಿಯುತ್ತದೆ. ಪೊಟ್ಟಣದ ಗಾಳಿಯನ್ನು ಕೈಯಲ್ಲಿ ಒತ್ತಿ ತೆಗೆದು ಸೀಲ್ ಮಾಡಿಸಿ. ಗಾಳಿ ತುಂಬಿದ ಪೊಟ್ಟಣ ಲೇಹ್ ಮುಟ್ಟುವಷ್ಟರಲ್ಲಿ ಊದಿಕೊಂಡು ಬಿರಿಯುತ್ತದೆ.

ಗೊಜ್ಜವಲಕ್ಕಿಯ ಪುಡಿ ಬೆರೆಸಿದ ಅವಲಕ್ಕಿಯೂ ಒಳ್ಳೆಯದು. 15,000 ಅಡಿಯಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವ ಮಾತೇ ಇಲ್ಲ. ಅವಲಕ್ಕಿಗೆ ಬೇಯಿಸುವ ಕಾಟ ಇಲ್ಲವಲ್ಲ. ಬಿಸಿನೀರು ಚಿಮುಕಿಸಿ ಮುಚ್ಚಿಟ್ಟರಾಯಿತು.

ಪ್ರಶ್ನೆ: ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬೇಕಾದಷ್ಟಿದೆ. ಗಾಜಿನ ಬಾಟಲಿಯಲ್ಲಿ ಹಾಕಿ, ಮೇಲೆ ಬಟ್ಟೆ ಸುತ್ತಿ ಕಳಿಸಬಹುದಾ?
(ಸಾಗರದಿಂದ ಒಬ್ಬ ಅಜ್ಜಿ)

ಅಜ್ಜೀ, ಬೇಡ. ಕೈಮುಗೀತೀನಿ.

ಲಡಾಖ್‌ನ ಒಂದು ಚಳಿಗಾಲ. ಕೆಲವು ದಿನ ಹವಾಮಾನ ಕೆಟ್ಟು ವಿಮಾನ ಬಂದಿರಲಿಲ್ಲ. ಬಂದ ದಿನ ಚೀಲಗಳು ರಾಶಿ ಬಿದ್ದವು. ಯೂನಿಟ್‌ಗಳಿಂದ ಡಾಕ್ ತಗೊಂಡು ಹೋಗೋಕೆ ಬಂದ ಹುಡುಗರು ಹೊರಗೆ ಕಾಲು ಕುಟ್ಟುತ್ತಾ ನಿಂತಿದ್ದರು. ನಾನು ಸೀಲು ಒಡೆದು ಒಂದು ಚೀಲ ಬೋರಲು ಹಾಕಿದೆ. ಮೊದಲು ಬಂದದ್ದು ವಾಸನೆ. ಸಾಸಿವೆ, ಇಂಗು, ಎಣ್ಣೆ. ಆಮೇಲೆ ಗಾಜಿನ ಚೂರು. ಆಮೇಲೆ ಕಾಗದಗಳು, ಇಪ್ಪತ್ತು ಮೂವತ್ತು ಒಂದಕ್ಕೊಂದು ಅಂಟಿಕೊಂಡು ಕೆಂಪಗೆ. ಇನ್‌ಲ್ಯಾಂಡ್ ಲೆಟರುಗಳ ನೀಲಿ ಎಣ್ಣೆಗೆ ಕಪ್ಪಾಗಿತ್ತು. ಬುಖಾರಿ ಅಂತ ಸೀಮೆಎಣ್ಣೆ ಒಲೆ ಇರುತ್ತದೆ, ಅದರ ಸುತ್ತ ದಾರ ಕಟ್ಟಿ ಒಂದೊಂದನ್ನೇ ಬಿಡಿಸಿ ನೇತು ಹಾಕಿದೆವು. ಬಿಹಾರದ ಹುಡುಗನೊಬ್ಬನಿಗೆ ಹೆಂಡತಿ ಬರೆದ ನಾಲ್ಕು ಪುಟದಲ್ಲಿ ಓದೋಕೆ ಬಂದದ್ದು ಮೇಲಿನ ಎರಡು ಸಾಲು, ಕೆಳಗಿನ ಒಂದು ಸಾಲು. ನಡುವೆ ಏನು ಬರೆದಿದ್ದಳೋ. ಅವನು ಕೂಗಾಡಲಿಲ್ಲ. "ಯೇ ಅಚಾರ್ ಕಿಸ್‌ಕಾ ಹೈ?" (ಈ ಉಪ್ಪಿನಕಾಯಿ ಯಾರದ್ದು?) ಅಂತ ಒಂದೇ ಮಾತು ಕೇಳಿದ. ನಾನು ಪಾರ್ಸೆಲಿನವನ ಹೆಸರು ಹೇಳಲಿಲ್ಲ.

ನಿಮ್ಮ ಅಪ್ಪೆಮಿಡಿ ಉಪ್ಪುನೀರಿನಲ್ಲಿ ಮುಳುಗಿರೋದು, ಸೋರದೆ ಇರೋದಿಲ್ಲ. ರಜೆಗೆ ಬಂದ ಹುಡುಗ ಯಾರಾದರೂ ವಾಪಸ್ ಹೋಗುವಾಗ ಕೈಯಲ್ಲಿ ಕೊಡಿ. ಅಂಚೆಗೆ ಒಣ ಸಾಮಾನು ಮಾತ್ರ. ಚಕ್ಕುಲಿ ಪುಡಿಯಾಗುತ್ತದೆ, ಕೋಡುಬಳೆ ಪರವಾಗಿಲ್ಲ. ಅಂಟಿನ ಉಂಡೆ, ಗೋಕಾಕದ ಕರದಂಟು ಚೆನ್ನಾಗಿ ತಡೆಯುತ್ತವೆ. ಖಡಕ್ ರೊಟ್ಟಿಯನ್ನು ಎರಡು ರಟ್ಟಿನ ನಡುವೆ ಇಟ್ಟು ಬಿಗಿಯಾಗಿ ಕಟ್ಟಿದರೆ ಹೋಗುತ್ತದೆ. ಹಾಲಿನ ಸಿಹಿ ಯಾವುದೂ ಬೇಡ. ಬೆಂಕಿಪೊಟ್ಟಣ, ಲೈಟರ್, ಸೆಂಟಿನ ಸ್ಪ್ರೇ, ಪವರ್ ಬ್ಯಾಂಕ್ ಹಾಕಬೇಡಿ, ವಿಮಾನಕ್ಕೆ ಹತ್ತಿಸೋದಿಲ್ಲ.

ಕಟ್ಟುವ ರೀತಿ ಹೇಳಿಬಿಡುತ್ತೇನೆ. ಗಟ್ಟಿ ರಟ್ಟಿನ ಪೆಟ್ಟಿಗೆ, ಒಳಗೆ ಸಂದಿಯಲ್ಲೆಲ್ಲ ಹಳೆ ಪೇಪರ್. ಅಲ್ಲಾಡಿಸಿದರೆ ಸದ್ದು ಬರಬಾರದು. ಮೇಲೆ ಕೋರಾ ಬಟ್ಟೆ ಹಾಕಿ ದಬ್ಬಣದಲ್ಲಿ ಹೊಲಿದರೆ ಇನ್ನೂ ವಾಸಿ. ಈಗಿನವರು ಟೇಪು ಸುತ್ತುತ್ತಾರೆ. ಅದರ ತಂಟೆಗೆ ನಾನು ಹೋಗೋದಿಲ್ಲ, ಆದರೆ ಚಳಿಗೆ ಟೇಪಿನ ಅಂಟು ಬಿಡುತ್ತದೆ, ಹೊಲಿಗೆ ಬಿಡೋದಿಲ್ಲ. ವಿಳಾಸದ ಇನ್ನೊಂದು ಪ್ರತಿಯನ್ನು ಪೆಟ್ಟಿಗೆಯ ಒಳಗೂ ಹಾಕಿ. ಭಾರ ಐದು ಕೆ.ಜಿ. ಒಳಗೇ ಇರಲಿ. ಅಂಚೆಯವರು ಇನ್ನೂ ಜಾಸ್ತಿ ತಗೋತಾರೆ, ನಿಜ. ಆದರೆ ರಸ್ತೆ ಮುಗಿದ ಮೇಲೆ ಅದನ್ನು ಹೇಸರಗತ್ತೆ ಹೊರಬೇಕು, ಇಲ್ಲ ಮನುಷ್ಯ ಹೊರಬೇಕು. ಎತ್ತರ ಜಾಸ್ತಿಯಾದಷ್ಟೂ ಹೆಲಿಕಾಪ್ಟರಿಗೂ ಹೊರುವ ಶಕ್ತಿ ಕಡಿಮೆ. ಅಲ್ಲಿ ನಿಮ್ಮ ಲಾಡು ಸೀಮೆಎಣ್ಣೆ ಜೊತೆ, ಔಷಧಿ ಜೊತೆ ಜಾಗಕ್ಕೆ ಜಗಳ ಆಡಬೇಕು.

ಪ್ರಶ್ನೆ: 1962ರಲ್ಲಿ ನಮ್ಮ ಅಜ್ಜಿ ಜವಾನರಿಗೆ ಸ್ವೆಟರ್ ಹೆಣೆದು ಕೊಟ್ಟಿದ್ದರಂತೆ. ಈಗ ನಾವು ಗೆಳತಿಯರು ಉಲ್ಲನ್ ಹಿಡಿದಿದ್ದೇವೆ. ಉಪಯೋಗ ಇದೆಯೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು)

ಆಗ ಹತ್ತಿ ಬಟ್ಟೆಯಲ್ಲೇ ಹಿಮಾಲಯ ಹತ್ತಿದವರಿದ್ದರು. ನಿಮ್ಮ ಅಜ್ಜಿಯ ಸ್ವೆಟರ್ ನಿಜವಾಗಿ ಮೈ ಕಾದಿರುತ್ತದೆ. ಈಗ ಎತ್ತರದ ಪೋಸ್ಟ್‌ಗಳಿಗೆ ವಿಶೇಷ ಬಟ್ಟೆ ಸರ್ಕಾರವೇ ಕೊಡುತ್ತದೆ. ಗ್ಲೇಸಿಯರ್ ಮೇಲೆ ಮನೆಯಲ್ಲಿ ಹೆಣೆದದ್ದನ್ನು ಹಾಕಿಕೊಳ್ಳೋದಿಲ್ಲ, ಹಾಕಿಕೊಳ್ಳಲೂಬಾರದು. ಆದರೆ ಕೆಳಗಿನ ಕ್ಯಾಂಪಿನಲ್ಲಿ, ಬಂಕರಿನೊಳಗೆ, ರಾತ್ರಿ ಮಲಗುವಾಗ ಬೇಕೇ ಬೇಕು.

ಕಾಲುಚೀಲ, ಮಫ್ಲರ್ ಹೆಣೆಯಿರಿ. ಕಾಲುಚೀಲ ಬಿಗಿ ಇರಬಾರದು, ರಕ್ತ ಓಡಾಡದಿದ್ದರೆ ಬೆರಳು ಹಿಮಕ್ಕೆ ಸತ್ತುಹೋಗುತ್ತದೆ. ಬೆರಳ ತುದಿಯಲ್ಲಿ ದಪ್ಪ ಗಂಟು ಬಿಡಬೇಡಿ, ಬೂಟಿನೊಳಗೆ ಬೊಬ್ಬೆ ಬರುತ್ತದೆ. ಬಣ್ಣ ಕಪ್ಪು, ಕಂದು, ಪಾಚಿ ಹಸಿರು. ಕೆಂಪು, ಹಳದಿ ಬೇಡ, ನಿಮ್ಮ ಮೊಮ್ಮಗನಿಗೆ ಇಡಿ. ಮಂಕಿಕ್ಯಾಪ್ ಹೆಣೆಯುವ ಮುಂಚೆ ಯಾವ ರೆಜಿಮೆಂಟ್ ಅಂತ ನೋಡಿಕೊಳ್ಳಿ. ಸಿಖ್ ಬೆಟಾಲಿಯನ್ನಿಗೆ ಒಂದು ಪೆಟ್ಟಿಗೆ ಮಂಕಿಕ್ಯಾಪ್ ಕಳಿಸಿದ ಪುಣ್ಯಾತ್ಮರೂ ಇದ್ದಾರೆ.

ಪ್ರಶ್ನೆ: ಏಳನೇ ತರಗತಿ ಮಕ್ಕಳಿಂದ ಸೈನಿಕರಿಗೆ ಪತ್ರ ಬರೆಸುತ್ತಿದ್ದೇನೆ. ಎಲ್ಲರೂ "ನೀವು ಹಗಲಿರುಳು ಗಡಿ ಕಾಯುವುದರಿಂದ ನಾವು ನೆಮ್ಮದಿಯಾಗಿ ಮಲಗುತ್ತೇವೆ" ಅಂತಲೇ ಬರೆಯುತ್ತಾರೆ. ಬೇರೆ ಏನು ಬರೆಸಲಿ?
(ಶಿಕ್ಷಕಿ, ಹಾವೇರಿ ಜಿಲ್ಲೆ)

ಒಳ್ಳೆ ಪ್ರಶ್ನೆ ಮೇಡಂ. ಬೋರ್ಡಿನ ಮೇಲೆ ಬರೆದು ನಕಲು ಮಾಡಿಸಿದ ಕಾಗದ ನೋಡಿದ ಕೂಡಲೇ ಗೊತ್ತಾಗುತ್ತದೆ. ನಲವತ್ತು ಕಾಗದ, ಒಂದೇ ವಾಕ್ಯ. ಜವಾನರು ಒಂದು ಓದಿ ಉಳಿದದ್ದು ಪಕ್ಕಕ್ಕಿಡುತ್ತಾರೆ.

ಮಕ್ಕಳಿಗೆ ಅವರ ಮನೆಯದ್ದು ಬರೆಯೋಕೆ ಹೇಳಿ. ಎಮ್ಮೆ ಕರು ಹಾಕಿದ್ದು, ಮೆಣಸಿನಕಾಯಿ ಒಣಹಾಕಿದಾಗ ಮಳೆ ಬಂದದ್ದು, ಅಪ್ಪನ ಹತ್ತಿರ ಏಟು ತಿಂದದ್ದು. ಬ್ಯಾಡಗಿ ಸಂತೆಯ ಬಗ್ಗೆ ಒಬ್ಬ ಹುಡುಗ ಬರೆದರೆ ಗದಗಿನ ಜವಾನ ಅದನ್ನು ಇಡೀ ಬ್ಯಾರಕ್ಕಿಗೆ ಹಿಂದಿಯಲ್ಲಿ ಹೇಳುತ್ತಾನೆ. ಹಾವೇರಿಯ ಹುಡುಗನಿಗೆ ಸಿಕ್ಕರಂತೂ ಮುಗಿದೇ ಹೋಯಿತು. ಚಿತ್ರ ಬರೆಯುವ ಮಕ್ಕಳು ಬಂದೂಕು, ಬಾವುಟವೇ ಬರೆಯಬೇಕಾಗಿಲ್ಲ. ತಮ್ಮ ಓಣಿಯ ಚಿತ್ರ ಬರೆಯಲಿ.

ಬರೆಸಬಾರದ್ದು ಎರಡೇ. "ನೀವು ಎಲ್ಲಿದ್ದೀರಿ" ಅಂತ ಕೇಳಬಾರದು. "ಎಷ್ಟು ಜನ ಶತ್ರುಗಳನ್ನು ಕೊಂದಿರಿ" ಅಂತ ಕೇಳಲೇಬಾರದು. ಮಕ್ಕಳು ಕೇಳೇ ಕೇಳುತ್ತಾರೆ, ನೀವು ನೋಡಿ ತೆಗೆಸಿ. ಮಕ್ಕಳ ಮನೆ ವಿಳಾಸ, ಫೋನ್ ನಂಬರ್ ಹಾಕಿಸಬೇಡಿ. ಹೆಸರು, ತರಗತಿ, ಶಾಲೆಯ ವಿಳಾಸ ಸಾಕು. ಉತ್ತರ ಬಂದರೆ ನಿಮ್ಮ ಕೈಗೇ ಬರಲಿ.

ಪ್ರಶ್ನೆ: ಮಗ ಅರುಣಾಚಲದ ಕಡೆ ಇದ್ದಾನೆ. ಏನು ಕಳಿಸಲಿ ಅಂದರೆ "ಏನೂ ಬೇಡಮ್ಮ, ಇಲ್ಲಿ ಎಲ್ಲ ಸಿಗುತ್ತೆ" ಅಂತಾನೆ. ನಿಜವಾಗಿ ಬೇಡವಾ, ನನಗೆ ತೊಂದರೆ ಅಂತ ಹೇಳ್ತಾನಾ?
(ತಾಯಿ, ಸೋಮವಾರಪೇಟೆ)

ಎರಡೂ ಅಲ್ಲಮ್ಮ. ಅಲ್ಲಿ ಒಬ್ಬನ ಪಾರ್ಸೆಲ್ ಅಂತ ಇಲ್ಲ. ಹೊಲಿಗೆ ಬಿಚ್ಚುವ ಹೊತ್ತಿಗೆ ಸುತ್ತ ಹತ್ತು ಜನ ಕೂತಿರುತ್ತಾರೆ. ಒಬ್ಬ ಚಾಕು ಕೊಡುತ್ತಾನೆ, ಒಬ್ಬ ತಟ್ಟೆ ತರುತ್ತಾನೆ. ಅಮ್ಮ ಕಳಿಸಿದ ಎಂಟು ಕಜ್ಜಾಯ ಹಂಚಿದರೆ ತನಗೆ ಅರ್ಧ, ಹಂಚದಿದ್ದರೆ ಮರ್ಯಾದೆ ಇಲ್ಲ. ಅದಕ್ಕೇ ಬೇಡ ಅಂತಾರೆ ಹುಡುಗರು.

"ನಿನಗೆ ಏನು ಬೇಕು" ಅಂತ ಕೇಳಬೇಡಿ. "ನಿನ್ನ ರೂಮಿನಲ್ಲಿ ಎಷ್ಟು ಜನ ಇದ್ದೀರಿ" ಅಂತ ಕೇಳಿ. ಅಷ್ಟು ಜನರಿಗೆ ಆಗುವ ಹಾಗೆ ಒಂದೇ ಥರದ್ದು ಜಾಸ್ತಿ ಮಾಡಿ ಕಳಿಸಿ. ಮಗನೊಬ್ಬನಿಗೇ ಅಂತ ಬೇರೆ ಪೊಟ್ಟಣದಲ್ಲಿ ನಿಮ್ಮ ಕಾಫಿಪುಡಿ ಹಾಕಿ, ಜೊತೆಗೆ ಸೋಸೋಕೆ ಒಂದು ತುಂಡು ಬಿಳಿ ಬಟ್ಟೆ. ಆ ಕಡೆಯೆಲ್ಲ ಚಹಾ, ಅದೂ ಪಾತ್ರೆಯಲ್ಲಿ ಕುದಿಸಿ ಕುದಿಸಿ ಕಪ್ಪಾದದ್ದು. ನಮ್ಮ ಕಡೆಯ ಹುಡುಗರು ಕಾಫಿ ವಾಸನೆಗೆ ಹೇಗೆ ಒದ್ದಾಡುತ್ತಾರೆ ಅಂತ ನಾನು ನೋಡಿದ್ದೇನೆ. ಅರುಣಾಚಲದಲ್ಲಿ ಚಳಿಗಿಂತ ಮಳೆ, ತೇವದ ಕಾಟ ಜಾಸ್ತಿ. ಎರಡು ಪದರ ಪ್ಲಾಸ್ಟಿಕ್ ಹಾಕಿ. ಅಲ್ಲಿಗೆ 99 ಎ.ಪಿ.ಓ. ಅಂತ ನಿಮಗೆ ಗೊತ್ತೇ ಇರುತ್ತದೆ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿಯ ಕನ್ನಡ ಶಾಲೆಯ ಮಕ್ಕಳು ಹೊರದೇಶದಲ್ಲಿರುವ ಅಮೆರಿಕನ್ ಸೈನಿಕರಿಗೆ ಪೆಟ್ಟಿಗೆ ಕಳಿಸುತ್ತಾರಂತೆ. ಅಲ್ಲೂ ಇದೇ ಪದ್ಧತಿಯೇ?
(ಹಿರಿಯ ನಾಗರಿಕರು, ಬೆಂಗಳೂರು)

ಹೆಚ್ಚುಕಡಿಮೆ ಇದೇ. ಅವರದ್ದೂ ಎ.ಪಿ.ಓ., ದೇಶದೊಳಗಿನ ಅಂಚೆ ದರವೇ. ಆದರೆ ಪೆಟ್ಟಿಗೆ ಬೇರೆ ದೇಶಕ್ಕೆ ಹೋಗುವುದರಿಂದ ಕಸ್ಟಮ್ಸ್ ಫಾರಂ ತುಂಬಬೇಕು. ಅರಬ್ ದೇಶಗಳ ಕಡೆಗಾದರೆ ಹೆಂಡ, ಹಂದಿಮಾಂಸ ಕೂಡದು. ಮೊದಲು ಅಲ್ಲಿ "ಯಾರಾದರೂ ಒಬ್ಬ ಸೈನಿಕನಿಗೆ" ಅಂತ ಬರೆದರೂ ತಲುಪಿಸುತ್ತಿದ್ದರು. 2001ರಲ್ಲಿ ಲಕೋಟೆಯಲ್ಲಿ ಆಂಥ್ರಾಕ್ಸ್ ರೋಗಾಣುವಿನ ಪುಡಿ ಬಂದ ಮೇಲೆ ಅದನ್ನು ನಿಲ್ಲಿಸಿದರು. ಹೆಸರು ಗೊತ್ತಿಲ್ಲದವರು ಸಂಸ್ಥೆಗಳ ಮೂಲಕ ಕಳಿಸುತ್ತಾರೆ. 2003ರಲ್ಲಿ ಶುರುವಾದ ಆಪರೇಶನ್ ಗ್ರಾಟಿಟ್ಯೂಡ್ ಅಂಥದ್ದೊಂದು. ಮೊಮ್ಮಕ್ಕಳ ಕೈಬರಹದ ಕಾಗದಕ್ಕೆ ಅಲ್ಲೂ ಅಷ್ಟೇ ಬೆಲೆ.

ಪ್ರಶ್ನೆ: ಹೋದ ವರ್ಷ ನಮ್ಮ ಸಂಘದಿಂದ ದೊಡ್ಡ ಪಾರ್ಸೆಲ್ ಕಳಿಸಿದೆವು. ಒಂದು ಫೋಟೋ ಕೂಡ ಬರಲಿಲ್ಲ. ಸದಸ್ಯರಿಗೆ ಬೇಸರವಾಗಿದೆ.
(ಯುವಕ ಸಂಘ, ತುಮಕೂರು ಜಿಲ್ಲೆ)

ಬರೋದಿಲ್ಲ. 2020ರಲ್ಲಿ ಫೇಸ್‌ಬುಕ್ ಸೇರಿದಂತೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಅಂತ ಸೈನ್ಯವೇ ತನ್ನವರಿಗೆ ಹೇಳಿತ್ತು. ಹಿಂದೆ ಕಾಣುವ ಒಂದು ಗುಡ್ಡ, ಒಂದು ಬೋರ್ಡು ಸಾಕು, ಜಾಗ ಗೊತ್ತಾಗಿಬಿಡುತ್ತದೆ. ಅಪರಿಚಿತರು ಚೆನ್ನಾಗಿ ಮಾತಾಡಿಸಿ ಮಾಹಿತಿ ಎಳೆಯೋದೂ ಇದೆ. ನಿಮ್ಮ ಸಂಘ ಅಂಥದ್ದಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ತಲುಪಿತೋ ಇಲ್ಲವೋ ಅನ್ನೋ ಚಿಂತೆ ಇದ್ದರೆ ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಂಡು ಅಂಚೆ ಕಚೇರಿಯಲ್ಲಿ ವಿಚಾರಿಸಿ. ಫೋಟೋ ತೆಗೆಸಿಕೊಳ್ಳೋಕೇ ಪಾರ್ಸೆಲ್ ಕಳಿಸಿದ್ದಾದರೆ, ಸುಮ್ನೆ ಊರಲ್ಲೇ ಪೆಟ್ಟಿಗೆ ಮುಂದೆ ನಿಂತು ಒಂದು ತೆಗೆಸಿಕೊಳ್ಳಿ. ಕಟುವಾಯಿತು, ಇರಲಿ.

ಪ್ರಶ್ನೆ: ದೀಪಾವಳಿಗೆ ತಲುಪಬೇಕಾದರೆ ಯಾವಾಗ ಪೋಸ್ಟ್ ಮಾಡಬೇಕು? ರಾಖಿಗೆ?
(ಮಹಿಳಾ ಮಂಡಳಿ, ಅರಸೀಕೆರೆ)

ಮಹಾಲಯ ಅಮಾವಾಸ್ಯೆಯ ಒಳಗೆ. ಮನೆಯಲ್ಲಿ ಎಡೆ ಇಡುವ ಹೊತ್ತಿಗೆ ಪಾರ್ಸೆಲ್ ಹೋಗಿಯಾಗಿರಬೇಕು. ನವರಾತ್ರಿಯಲ್ಲಿ ಹಾಕಿದರೆ ದೇಶದವರೆಲ್ಲ ಹಾಕಿದ್ದರ ಜೊತೆ ಸಿಕ್ಕಿಕೊಳ್ಳುತ್ತದೆ. ರಾಖಿ ನೂಲು ಹುಣ್ಣಿಮೆಗೆ ತಲುಪಬೇಕಾದರೆ ಆಷಾಢ ಹುಣ್ಣಿಮೆಗೆ ಪೋಸ್ಟ್ ಮಾಡಿ. ಲೋಹದ ಬಿಲ್ಲೆ, ಕಲ್ಲು ಇರುವ ರಾಖಿ ಬೇಡ, ಬರೀ ನೂಲಿನದ್ದು ಸಾಕು. ಯಂತ್ರದಲ್ಲಿ ಮುದ್ರೆ ಹೊಡೆಯುವಾಗ ಲಕೋಟೆ ಹರಿಯುತ್ತದೆ.

ಪ್ರಶ್ನೆ: ಲೆಕ್ಕ ಹಾಕಿದರೆ ತಿಂಡಿಗಿಂತ ಅಂಚೆ ಖರ್ಚೇ ಜಾಸ್ತಿ. ಅದರ ಬದಲು ದುಡ್ಡೇ ಕೊಟ್ಟರೆ? ವಾಟ್ಸಾಪಿನಲ್ಲಿ ಒಂದು ಖಾತೆ ನಂಬರ್ ಬಂದಿದೆ.
(ಔಷಧಿ ಅಂಗಡಿಯವರು, ದಾವಣಗೆರೆ)

ವಾಟ್ಸಾಪಿನಲ್ಲಿ ಬಂದ ನಂಬರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಸೈನಿಕರ ಹೆಸರು ಹೇಳಿದರೆ ನಮ್ಮ ಜನ ಹಿಂದೆ ಮುಂದೆ ನೋಡದೆ ಕೊಡುತ್ತಾರೆ ಅಂತ ಕಳ್ಳರಿಗೂ ಗೊತ್ತು.

ದುಡ್ಡು ಕೊಡೋದು ತಿಂಡಿ ಕಳಿಸೋದಕ್ಕಿಂತ ಕಡಿಮೆಯೇನಲ್ಲ. ಗಾಯವಾಗಿ ಮನೆಗೆ ಬಂದವರಿಗೆ, ಸೈನಿಕರ ವಿಧವೆಯರಿಗೆ, ಅವರ ಮಕ್ಕಳ ಓದಿಗೆ ಅದು ಆಗುತ್ತದೆ. ಅಲ್ಲಿಗೆ ನಿಮ್ಮ ಕೋಡುಬಳೆ ಪ್ರಯೋಜನವಿಲ್ಲ. ಅರೆಸೇನೆಯ ಹುತಾತ್ಮರ ಮನೆಯವರಿಗೆ ಕೊಡೋಕೆ ಸರ್ಕಾರದ್ದೇ "ಭಾರತ್ ಕೆ ವೀರ್" ನಿಧಿ ಇದೆ. ಸೈನ್ಯಕ್ಕಾದರೆ ಧ್ವಜ ದಿನದ ನಿಧಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ನಡೆಯುತ್ತದೆ. ಆ ದಿನವೇ ಆಗಬೇಕು ಅಂತ ಏನಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ನೀವೇ ಹೋಗಿ ಕೊಡಿ. ಕೊಟ್ಟ ಮೇಲೆ ರಸೀದಿ ಕೇಳಿ ಇಸ್ಕೊಳ್ಳಿ.